ಅಮ್ಮನ ಕೋಣೆಗೆ ತೋಡಿನ ಸದ್ದಿನ ಪೆಟ್ಟಿಗೆ: ಕಟ್ಟಿದ ಬಗೆ, ಕೆಟ್ಟ ಕಡೆ, ಖರ್ಚು

ಒಂದು ಗುಂಡಿ ಒತ್ತಿದರೆ ಒಂಬತ್ತು ಗಂಟೆಗಳ ಕಾಲ ಮಳೆಯ ಮತ್ತು ತೋಡಿನ (ಸಣ್ಣ ಹಳ್ಳದ) ನೀರಿನ ಸದ್ದನ್ನು ಸಣ್ಣ ಮಟ್ಟದಲ್ಲಿ ಕೇಳಿಸಿ, ಬೆಳಗಾಗುವಾಗ ತಾನಾಗಿ ನಿಲ್ಲುವ ಪೆಟ್ಟಿಗೆಯೊಂದನ್ನು ಈ ಮಳೆಗಾಲದಲ್ಲಿ ಕಟ್ಟಿದೆ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ತೋಟದ ಮನೆಯನ್ನು ಬಿಟ್ಟು, ಕುಂಬಳೆ ಮತ್ತು ಉಪ್ಪಳದ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿರುವ ನಮ್ಮ ಮನೆಗೆ ಬಂದ ಮೇಲೆ ಅಮ್ಮನಿಗೆ ರಾತ್ರಿ ಲಾರಿಗಳ ಸದ್ದಿಗೆ ಮತ್ತೆ ಮತ್ತೆ ಎಚ್ಚರವಾಗುತ್ತಿತ್ತು. ಮೊದಲು ಫೋನಿನಲ್ಲಿಯೇ ಮಳೆಯ ವಿಡಿಯೋಗಳನ್ನು ಹಾಕಿ ನೋಡಿದೆವು. ನಡುವೆ ಜಾಹೀರಾತು ನುಗ್ಗುತ್ತಿತ್ತು, ವಾಟ್ಸಪ್ ಸಂದೇಶದ ಗಂಟೆ ಬಾರಿಸುತ್ತಿತ್ತು, ಜೊತೆಗೆ ಆ ಮಳೆ ನಮ್ಮ ಊರಿನ ಮಳೆಯಾಗಿರಲಿಲ್ಲ. ಹಾಗಾಗಿ ಸದ್ದನ್ನು ನಾವೇ ಹಿಡಿದು, ಪರದೆಯಿಲ್ಲದ, ಇಂಟರ್ನೆಟ್ ಬೇಡದ, ಎಪ್ಪತ್ತು ದಾಟಿದವರು ಕತ್ತಲಲ್ಲಿ ತಡವಿ ಒತ್ತಬಹುದಾದ ಪೆಟ್ಟಿಗೆಯನ್ನು ಕಟ್ಟುವುದೆಂದು ನಿಶ್ಚಯಿಸಿದೆ. ಇಂಥದ್ದೇ ಒಂದನ್ನು ಮಾಡಿಕೊಳ್ಳಬೇಕೆನ್ನುವವರಿಗೆ ಉಪಯೋಗವಾಗಲೆಂದು, ಕೆಟ್ಟದ್ದನ್ನೂ ಬಿಡದೆ ಬರೆದಿಡುತ್ತಿದ್ದೇನೆ.

1. ಸದ್ದು ಹಿಡಿದದ್ದು (ಜುಲೈ)

ಮೊಬೈಲಿನಲ್ಲಿ ಮುದ್ರಿಸಿದ್ದು ಕೆಲಸಕ್ಕೆ ಬರಲಿಲ್ಲ. ಸದ್ದು ತಗ್ಗಿದಾಗ ಫೋನು ತಾನಾಗಿ ಮಟ್ಟವನ್ನು ಏರಿಸಿ, ಹೆಚ್ಚಿದಾಗ ಇಳಿಸುವುದರಿಂದ, ಒಂದೇ ಸಮನೆ ಹರಿಯುವ ನೀರೂ ಏರಿಳಿಯುತ್ತಿರುವಂತೆ ಕೇಳಿಸುತ್ತಿತ್ತು. ಗೆಳೆಯರೊಬ್ಬರಿಂದ ಜೂಮ್ ಎಚ್1ಎನ್ ರೆಕಾರ್ಡರನ್ನು ಎರವಲು ತಂದು, ತಾನಾಗಿ ಮಟ್ಟ ಹೊಂದಿಸುವ ಸೌಲಭ್ಯವನ್ನು ನಿಲ್ಲಿಸಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಇಟ್ಟು, ಅತಿ ದೊಡ್ಡ ಸದ್ದು ಮೈನಸ್ 12 ಡೆಸಿಬಲ್ ದಾಟದಂತೆ ಮಟ್ಟವನ್ನು ಕೈಯಿಂದಲೇ ಹೊಂದಿಸಿದೆ. ಅದರಲ್ಲೇ ಇರುವ 80 ಹರ್ಟ್ಸ್‌ನ ತಳಸದ್ದು ಕಡಿತವನ್ನೂ ಹಾಕಿದೆ. ಗಾಳಿ ಬಡಿಯದಿರಲೆಂದು ಮೈಕಿನ ಸ್ಪಂಜಿನ ಮೇಲೆ ಮಕ್ಕಳ ಹಳೆಯ ಗೊಂಬೆಯಿಂದ ಬಿಚ್ಚಿದ ತುಪ್ಪಳದ ಬಟ್ಟೆಯನ್ನು ಸುತ್ತಿದೆ. ಅಂಗಡಿಯ ಗಾಳಿಗವಸಿಗಿಂತ ಅದೇನೂ ಕಡಿಮೆಯಿರಲಿಲ್ಲ.

ಮೊದಲು ಹೋದದ್ದು ಗುಡ್ಡದ ಸುರಂಗಕ್ಕೆ. ಮುರಕಲ್ಲಿನ ಗುಡ್ಡವನ್ನು ಪಿಕ್ಕಾಸಿನಿಂದ ಅಡ್ಡಲಾಗಿ ಕೊರೆದು ನೀರು ತರುವ ಈ ಸುರಂಗಗಳು ನಮ್ಮ ಕಡೆಯ ತೋಟಗಳಿಗೆ ಹೊಸತಲ್ಲ, ಅಮ್ಮ ಐವತ್ತು ವರ್ಷ ಕುಡಿದದ್ದು ಆ ನೀರನ್ನೇ. ಒಳಗೆ ತೊಟ್ಟಿಕ್ಕುವ ಹನಿಯ ಸದ್ದು ಹೆಡ್‌ಫೋನಿನಲ್ಲಿ ಕೇಳುವಾಗ ಬಹಳ ಚೆನ್ನಾಗಿತ್ತು. ಆದರೆ ಮಲಗಿಕೊಂಡು ಕೇಳಿದರೆ, ಒಂದು ಹನಿ ಬಿದ್ದ ಮೇಲೆ ಇನ್ನೊಂದು ಯಾವಾಗ ಬೀಳುವುದೆಂದು ಮನಸ್ಸು ಕಾಯತೊಡಗುತ್ತದೆ. ಸುರಂಗದ ಬಾಯಲ್ಲಿ ಅಡಿಕೆ ದಂಬೆಯಿಂದ (ಸೀಳಿದ ಅಡಿಕೆ ಮರದ ದೋಣಿಯಿಂದ) ನೀರು ಬೀಳುವ ಸದ್ದಿಗೂ ಇದೇ ದೋಷವಿತ್ತು. ಕೇಳಲು ಚಂದವಾದ ಸದ್ದು ಬೇರೆ, ನಿದ್ದೆ ತರುವ ಸದ್ದು ಬೇರೆ ಎಂಬುದು ಅಲ್ಲಿ ಸ್ಪಷ್ಟವಾಯಿತು. ನಿದ್ದೆಗೆ ಬೇಕಾದದ್ದು ಕಿವಿಗೊಟ್ಟು ಕೇಳಲು ಏನೂ ಇಲ್ಲದ ಸದ್ದು. ಮುಂದಿನ ಆಯ್ಕೆಗಳನ್ನೆಲ್ಲ ಈ ಒಂದೇ ಒರೆಗೆ ಹಚ್ಚಿ ಮಾಡಿದೆ.

ತೋಡಿನ ಬಳಿ ಮೈಕನ್ನು ಎಲ್ಲಿಡಬೇಕೆಂಬುದೇ ಮುಖ್ಯವಾಗಿತ್ತು. ನೀರಿನಿಂದ ಒಂದು ಮೀಟರ್ ದೂರದಲ್ಲಿ ಪ್ರತಿಯೊಂದು ಕಲ್ಲಿನ ಗುಳುಗುಳು ಬೇರೆ ಬೇರೆಯಾಗಿ ಕೇಳುತ್ತದೆ. ಮೂರು ಮೀಟರಿಗೂ ಎರಡು ಕಲ್ಲುಗಳು ಎದ್ದು ಕೇಳುತ್ತಿದ್ದವು. ಎಂಟರಿಂದ ಹತ್ತು ಮೀಟರ್ ಹಿಂದೆ, ಅಡಿಕೆ ಮರಗಳ ನಡುವೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇಟ್ಟಾಗ ಎಲ್ಲವೂ ಬೆರೆತು ಸಮನಾದ ಮೊರೆತವಾಯಿತು. ಮಳೆ ನಿಂತ ಮೇಲೂ ಗಂಟೆಗಟ್ಟಲೆ ಮರಗಳಿಂದ ಹನಿ ಉದುರುವುದರಿಂದ ರೆಕಾರ್ಡರಿನ ಮೇಲೆ ಒಂದು ಅಡಿಕೆ ಹಾಳೆಯನ್ನು ಓರೆಯಾಗಿ ಕಟ್ಟಿದೆ. ಆ ಹಾಳೆಯ ಮೇಲೆ ಬಿದ್ದ ಹನಿಗಳ ಪಟಪಟ ಸದ್ದು ಇಡೀ ಮುದ್ರಣವನ್ನು ಕೆಡಿಸಿತು. ಹಾಳೆಯ ಮೇಲೆ ಒದ್ದೆ ಗೋಣಿಯನ್ನು ಹಾಸಿದ ಮೇಲೆ ಸರಿಯಾಯಿತು.

ಮಳೆಯ ಸದ್ದನ್ನು ಹೊರಗೆ ಹಿಡಿಯುವ ಪ್ರಯತ್ನವನ್ನು ಬೇಗನೆ ಬಿಟ್ಟೆ. ತಗಡಿನ ಮಾಡಿನ ಮೇಲಿನ ಮಳೆ ಕಿವಿಗೆ ಚುಚ್ಚುತ್ತದೆ, ಬಾಳೆ ಎಲೆಯ ಮೇಲಿನದು ಹನಿ ಹನಿಯಾಗಿ ಬೇರ್ಪಡುತ್ತದೆ. ಹಳೆಯ ಮನೆಯ ಅಟ್ಟದಲ್ಲಿ, ಹೆಂಚಿನಿಂದ ಒಂದು ಮಾರು ಕೆಳಗೆ, ಅಕ್ಕಿಮುಡಿ ಇಡುತ್ತಿದ್ದ ಮೂಲೆಯಲ್ಲಿ ರೆಕಾರ್ಡರನ್ನು ಇಟ್ಟು ಬಂದದ್ದೇ ಸರಿಯಾದ ಜಾಗ. ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆ ಗಂಟೆಗಟ್ಟಲೆ ಒಂದೇ ಬಿರುಸಿನಲ್ಲಿ ಸುರಿಯುವುದೂ, ಆಗ ಗುಡುಗು ಅಪರೂಪವಾಗಿರುವುದೂ ಈ ಕೆಲಸಕ್ಕೆ ಅನುಕೂಲ. ಅಕ್ಟೋಬರಿನ ತುಲಾ ಮಳೆಯಾಗಿದ್ದರೆ ಸಂಜೆಯ ಗುಡುಗು ಸಿಡಿಲನ್ನು ಕತ್ತರಿಸುವುದರಲ್ಲೇ ದಿನ ಹೋಗುತ್ತಿತ್ತು.

2. ಕತ್ತರಿಸಿ ಜೋಡಿಸಿದ್ದು

ಅತಿ ಹೆಚ್ಚು ಸಮಯ ತಿಂದದ್ದು ಇದೇ ಹಂತ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಬಳಸಿದ ತಂತ್ರಾಂಶ ಆಡಾಸಿಟಿ. ಉಚಿತವಾದದ್ದು, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ರೆಕಾರ್ಡರಿನ ಸಣ್ಣ ಹಿಸ್ ಸದ್ದನ್ನು ತೆಗೆಯಲೆಂದು ನಾಯ್ಸ್ ರಿಡಕ್ಷನ್ ಹಾಕಿದಾಗ ಅದು ನೀರನ್ನೇ ಗದ್ದಲವೆಂದು ತಿಳಿದು ತೆಗೆಯಿತು. ಉಳಿದದ್ದು ಲೋಹದ ಕೊಳವೆಯೊಳಗೆ ಯಾರೋ ಪಿಸುಗುಟ್ಟುವಂಥ ವಿಕಾರ ಸದ್ದು. ನೀರು, ಮಳೆ, ಗಾಳಿಯ ಮುದ್ರಣಕ್ಕೆ ಈ ಸಾಧನವನ್ನು ಮುಟ್ಟಲೇಬಾರದು. ಅದರ ಬದಲು, ಸ್ವರದ ಒಂದೊಂದು ಪಟ್ಟಿಯನ್ನು ಬೇರೆಯಾಗಿ ಏರಿಳಿಸುವ ಇಕ್ವಲೈಸರಿನಲ್ಲಿ 4 ಕಿಲೋಹರ್ಟ್ಸ್‌ನ ಮೇಲಿನದ್ದನ್ನೆಲ್ಲ ಸುಮಾರು 6 ಡೆಸಿಬಲ್ ಇಳಿಸಿದರೆ ಹಿಸ್ ಕೂಡ ಮರೆಯಾಗುತ್ತದೆ, ಮಳೆಯ ಚೂಪೂ ತಗ್ಗುತ್ತದೆ.

ಮುಂದಿನದು ಅನಗತ್ಯ ಸದ್ದುಗಳನ್ನು ಹೆಕ್ಕುವ ಕೆಲಸ. ತರಂಗದ ಚಿತ್ರದಲ್ಲಿ ಕಾಣದ ಹಕ್ಕಿ, ನಾಯಿ, ಬೈಕುಗಳೆಲ್ಲ, ಸ್ವರದ ಎತ್ತರವನ್ನು ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಗೆರೆಗಳಾಗಿ ಎದ್ದು ಕಾಣುತ್ತವೆ. ಅವನ್ನು ಆರಿಸಿ ಕತ್ತರಿಸಿದೆ. ಆದರೂ ತೋಡಿನ ಮುದ್ರಣದ ನಡುವೆ ಬಂದ ಒಂದು ಗೂಬೆಯ ಕೂಗನ್ನು, ಇರುಳಿಗೆ ಒಪ್ಪುತ್ತದೆಂದು ಬೇಕೆಂದೇ ಉಳಿಸಿಕೊಂಡೆ. ಅದು ನಮ್ಮಲ್ಲಿ ಮಲಯಾಳ ಮಾತನಾಡುವ ನೆರೆಯವರು ಕಾಲನ್ ಕೋಳಿ ಎನ್ನುವ ಮರಗೂಬೆ; ಅದು ಕೂಗಿದರೆ ಸಾವು ಬರುತ್ತದೆಂಬ ನಂಬಿಕೆ ಇಡೀ ಪ್ರದೇಶದ್ದು. ಮೊದಲ ರಾತ್ರಿಯೇ ಅಮ್ಮ ಎದ್ದು ಕುಳಿತು, ದೀಪ ಹಾಕಿ, ಮನೆಯವರೆಲ್ಲರ ಹೆಸರು ಹಿಡಿದು ಕೂಗಿ ವಿಚಾರಿಸಿದರು. ಪ್ರಕೃತಿಯ ಸದ್ದೆಂದರೆ ಎಲ್ಲವೂ ಶಾಂತಿ ತರುವುದೆಂದು ಹೊರಗಿನ ಊರುಗಳಲ್ಲಿ ತಯಾರಾದ ಮುದ್ರಣಗಳನ್ನು ಕೇಳಿ ನಂಬಿದರೆ ಹೀಗಾಗುತ್ತದೆ. ಗೂಬೆಯ ಜೊತೆಗೆ ನವಿಲನ್ನೂ ಕತ್ತರಿಸಿ ಎಸೆದೆ.

ಅನಂತರ ಸುತ್ತಿಸುವ ಸಮಸ್ಯೆ. ಮೊದಲ ರೂಪದಲ್ಲಿ ಹತ್ತು ನಿಮಿಷದ ಒಂದು ಕಡತವನ್ನು ಮತ್ತೆ ಮತ್ತೆ ನುಡಿಸುವಂತೆ ಮಾಡಿದ್ದೆ. ಕಡತ ಮುಗಿದು ಮತ್ತೆ ಶುರುವಾಗುವಾಗ ಅರೆಕ್ಷಣದ ಮೌನ ಬರುತ್ತದೆ. ಎಂಪಿ3 ಮಾಡುವಾಗ ತುದಿಗಳಿಗೆ ಸೇರಿಕೊಳ್ಳುವ ಖಾಲಿ ಜಾಗ ಸ್ವಲ್ಪ, ಮುಂದಿನ ಕಡತವನ್ನು ತೆರೆಯಲು ಪೆಟ್ಟಿಗೆಯೊಳಗಿನ ನುಡಿಸುವ ಮಾಡ್ಯೂಲು (ಸಣ್ಣ ಬೋರ್ಡು) ತೆಗೆದುಕೊಳ್ಳುವ ಹೊತ್ತು ಸ್ವಲ್ಪ. ಹಗಲಿನಲ್ಲಿ ನನಗದು ಗಮನಕ್ಕೆ ಬಂದಿರಲಿಲ್ಲ. “ತೋಡು ಎಂತಕ್ಕೆ ನಡುನಡುವೆ ನಿಲ್ಲುವುದು?” ಎಂದು ಅಮ್ಮ ಕೇಳಿದರು. ಸದ್ದಿಗಿಂತ ಸದ್ದು ನಿಲ್ಲುವುದೇ ಹೆಚ್ಚು ಎಚ್ಚರ ತರುತ್ತದೆ.

ಆದ್ದರಿಂದ ರಾತ್ರಿಯಿಡೀ ಮುಗಿಯದ ಒಂದೇ ಕಡತವನ್ನು ಮಾಡಬೇಕಾಯಿತು. ಮಾಡಿದ ವಿಧಾನ ಹೀಗೆ: ತುಣುಕನ್ನು ನಡುವಿನಲ್ಲಿ ಕತ್ತರಿಸಿ, ಮೊದಲರ್ಧವನ್ನು ಎರಡನೆಯ ಅರ್ಧದ ಹಿಂದಕ್ಕೆ ತಂದರೆ, ಹಳೆಯ ಕೊನೆಯೂ ಹಳೆಯ ಆರಂಭವೂ ಈಗ ಒಳಗೆ ಒಂದನ್ನೊಂದು ಮುಟ್ಟುತ್ತವೆ. ಅವನ್ನು 20 ಸೆಕೆಂಡು ಒಂದರ ಮೇಲೊಂದು ಹಾಸಿ, ಒಂದು ಇಳಿದಂತೆ ಇನ್ನೊಂದು ಏರುವ ಹಾಗೆ ಕ್ರಾಸ್‌ಫೇಡ್ ಮಾಡಿದರೆ, ಹೊಸ ಎರಡು ತುದಿಗಳು ಮೂಲದಲ್ಲಿ ಒಟ್ಟಿಗೇ ಇದ್ದವಾದ್ದರಿಂದ ಎಷ್ಟು ಸಲ ಸುತ್ತಿಸಿದರೂ ಬೆಸುಗೆ ತಿಳಿಯುವುದಿಲ್ಲ. ಕ್ರಾಸ್‌ಫೇಡಿನಲ್ಲಿ ಕಾನ್‌ಸ್ಟಂಟ್ ಗೇನ್ ಎಂಬುದನ್ನು ಆರಿಸಿದರೆ ನಡುಭಾಗದಲ್ಲಿ ಸದ್ದು 3 ಡೆಸಿಬಲ್ ಕುಸಿದು, ನೀರು ಕ್ಷಣಕಾಲ ಬತ್ತಿದಂತೆ ಕೇಳುತ್ತದೆ. ನೀರಿನಂಥ ಸದ್ದಿಗೆ ಕಾನ್‌ಸ್ಟಂಟ್ ಪವರ್ ಎಂಬುದೇ ಸರಿ.

ಹೀಗೆ ತೋಡಿನ 23 ನಿಮಿಷದ ಮತ್ತು ಅಟ್ಟದ ಮಳೆಯ 31 ನಿಮಿಷದ ಎರಡು ಪದರಗಳು ಸಿದ್ಧವಾದವು. ಈ ಎರಡು ಸಂಖ್ಯೆಗಳಿಗೆ ಸಮಾನ ಅಪವರ್ತನವಿಲ್ಲದ ಕಾರಣ ಒಂದೇ ಜೋಡಣೆ ಮತ್ತೆ ಬರಲು 713 ನಿಮಿಷ, ಅಂದರೆ 11 ಗಂಟೆ 53 ನಿಮಿಷ ಬೇಕು. ಒಂಬತ್ತು ಗಂಟೆಯ ರಾತ್ರಿಯಲ್ಲಿ ಅದು ಬರುವುದೇ ಇಲ್ಲ. ಮಳೆಯ ಪದರವನ್ನು ತೋಡಿಗಿಂತ 8 ಡೆಸಿಬಲ್ ಕೆಳಗಿಟ್ಟೆ. ಇಷ್ಟು ಉದ್ದದ ಎರಡು ಪದರಗಳನ್ನು ಆಡಾಸಿಟಿಯಲ್ಲಿಯೇ ಹರಡಲು ಹೋದಾಗ ಅದರ ತಾತ್ಕಾಲಿಕ ಕಡತಗಳು ಹತ್ತು ಜಿಬಿ ದಾಟಿ ಲ್ಯಾಪ್‌ಟಾಪು ನಿಂತೇಹೋಯಿತು. ಎರಡು ವೇವ್ ಕಡತಗಳನ್ನು, ಆಜ್ಞೆ ಬರೆದು ನಡೆಸುವ ತಂತ್ರಾಂಶವಾದ ಎಫ್‌ಎಫ್‌ಎಂಪೆಗ್‌ಗೆ ಕೊಟ್ಟು, ಸುತ್ತಿಸಿ ಬೆರೆಸಿ 9 ಗಂಟೆಗೆ ಕತ್ತರಿಸಿ, ಕೊನೆಯ 20 ನಿಮಿಷ ನಿಧಾನವಾಗಿ ಇಳಿಯುವಂತೆ ಮಾಡಿಸಿದ್ದು ಸುಲಭವಾಯಿತು. ಏಕಧ್ವನಿಯ ಎಂಪಿ3, 128 ಕೆಬಿಪಿಎಸ್, ಒಟ್ಟು ಸುಮಾರು 520 ಎಂಬಿ. ಜಾಗ ಉಳಿಸಲೆಂದು 64ಕ್ಕೆ ಇಳಿಸಿ ನೋಡಿದರೆ ಮಳೆಯಲ್ಲಿ ಸುಳಿ ಸುತ್ತಿದಂಥ ಕೃತಕ ಸದ್ದು ಸೇರಿಕೊಂಡಿತು. ಕಾರ್ಡಿನಲ್ಲಿ ಬೇಕಾದಷ್ಟು ಜಾಗವಿರುವಾಗ ಆ ಲೋಭ ಬೇಡ.

3. ಒಳಗಿನ ಸಾಮಾನು

ನುಡಿಸುವುದಕ್ಕೆ ಡಿಎಫ್‌ಪ್ಲೇಯರ್ ಮಿನಿ ಎಂಬ ಮಾಡ್ಯೂಲು, ಅದನ್ನು ನಿಯಂತ್ರಿಸಲು ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಅಗ್ಗದ ನಕಲು, 3 ಇಂಚಿನ 8 ಓಮ್ ಸ್ಪೀಕರು. ಮಾಡ್ಯೂಲಿನಲ್ಲೇ ಸಣ್ಣ ಆಂಪ್ಲಿಫಯರ್ ಇರುವುದರಿಂದ ಬೇರೆ ಬೇಕಾಗಿಲ್ಲ. ಸ್ಪೀಕರಿನ ಎರಡು ತಂತಿಗಳೂ ಮಾಡ್ಯೂಲಿನ ಎರಡು ಸ್ಪೀಕರ್ ಕಾಲುಗಳಿಗೇ (ಪಿನ್ನುಗಳಿಗೇ) ಹೋಗಬೇಕು, ಯಾವುದನ್ನೂ ಗ್ರೌಂಡಿಗೆ ಜೋಡಿಸಬಾರದು. ನ್ಯಾನೋದಿಂದ ಮಾಡ್ಯೂಲಿನ ಆಜ್ಞೆ ಪಡೆಯುವ ಆರ್‌ಎಕ್ಸ್ ಕಾಲಿಗೆ ಹೋಗುವ ತಂತಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಹಾಕದಿದ್ದಾಗ ಹಿನ್ನೆಲೆಯಲ್ಲಿ ಕಿರಿಕಿರಿ ಸದ್ದು ಕೇಳುತ್ತಿತ್ತು. ಹಾಕಿದ ಮೇಲೆ ಬಹುಪಾಲು ಹೋಯಿತು. ಮಾಡ್ಯೂಲಿನ ವಿದ್ಯುತ್ ಕಾಲುಗಳ ಬುಡದಲ್ಲೇ 470 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಬೆಸೆದ ಮೇಲೆ ಉಳಿದದ್ದೂ ಹೋಯಿತು.

ಆದರೂ ಸಣ್ಣ ಮಟ್ಟದಲ್ಲಿ ಮಾಡ್ಯೂಲಿನ ಸ್ವಂತ ಹಿಸ್ ಕೇಳುತ್ತದೆ. ಈ ಮಾಡ್ಯೂಲಿನಲ್ಲಿ 0ಯಿಂದ 30ರವರೆಗೆ ಮಟ್ಟಗಳಿವೆ. ಮಲಗುವ ಕೋಣೆಗೆ 3 ಅಥವಾ 4 ಸಾಕಾಗುತ್ತಿತ್ತು, ಅಲ್ಲಿ ಒಂದೊಂದು ಮೆಟ್ಟಿಲೂ ಎದ್ದು ತಿಳಿಯುತ್ತದೆ, ಹಿಸ್ ಮಾತ್ರ ಹಾಗೆಯೇ ಉಳಿಯುತ್ತದೆ. ಪರಿಹಾರ ಬಹಳ ಸರಳ: ಸ್ಪೀಕರಿಗೆ ಸರಣಿಯಾಗಿ ಅರ್ಧ ವಾಟಿನ 22 ಓಮ್ ರೆಸಿಸ್ಟರ್. ಇದರಿಂದ ಸದ್ದೂ ಹಿಸ್ಸೂ ಒಟ್ಟಿಗೆ 11 ಡೆಸಿಬಲಿನಷ್ಟು ಇಳಿದು, ಮಟ್ಟವನ್ನು 12ರ ಸುತ್ತ ಇಟ್ಟು ನಯವಾಗಿ ಹೊಂದಿಸಲು ಸಾಧ್ಯವಾಯಿತು. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಲಾಭದ ಬದಲಾವಣೆ ಇದು.

ಮಟ್ಟ ಹೊಂದಿಸುವ ಗುಬ್ಬಿಗೆ (ತಿರುಗಿಸುವ ನಾಬಿಗೆ) 10 ಕಿಲೋಓಮ್ ಪೊಟೆನ್ಶಿಯೋಮೀಟರ್ ಹಾಕಿದೆ. ಅದರ ಓದು ಎರಡು ಮೆಟ್ಟಿಲುಗಳ ನಡುವೆ ತೂಗಾಡಿ, ನ್ಯಾನೋ ಬೋರ್ಡು ಸೆಕೆಂಡಿಗೆ ಹಲವು ಸಲ ಮಟ್ಟ ಬದಲಿಸುವ ಆಜ್ಞೆ ಕಳುಹಿಸುತ್ತ, ಟಿಕ್ ಟಿಕ್ ಸದ್ದು ಬರುತ್ತಿತ್ತು. ಹಿಂದಿನ ಓದಿಗಿಂತ 20ಕ್ಕೂ ಹೆಚ್ಚು ವ್ಯತ್ಯಾಸವಾದರೆ ಮಾತ್ರ ಬದಲಿಸಬೇಕೆಂದು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದಾಗ ನಿಂತಿತು. ಕಾರ್ಡನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಎಂಪಿ3 ಎಂಬ ಹೆಸರಿನ ಫೋಲ್ಡರಿನಲ್ಲಿ ಕಡತಕ್ಕೆ 0001 ಎಂದು ಹೆಸರಿಡಬೇಕು. ಫೋಲ್ಡರಿಲ್ಲದೆ ಇಟ್ಟರೆ ಹೆಸರಿನ ಕ್ರಮವನ್ನು ಬಿಟ್ಟು, ಕಾರ್ಡಿಗೆ ಯಾವುದನ್ನು ಮೊದಲು ನಕಲಿಸಿದೆವೋ ಅದನ್ನೇ ಮೊದಲನೆಯದೆಂದು ಹಿಡಿಯುತ್ತದೆ. ಇದು ತಿಳಿಯದೆ, ಅಳಿಸಿದೆನೆಂದುಕೊಂಡಿದ್ದ ಕಪ್ಪೆಗಳ ಮುದ್ರಣ ಒಂದು ರಾತ್ರಿ ಕೂಗಿತು.

ಗುಂಡಿಯಾಗಿ ಮನೆಯ ಕಾಲಿಂಗ್ ಬೆಲ್ಲಿನ ಸ್ವಿಚ್ಚನ್ನೇ ಬಳಸಿದೆ. ಎಲ್ಲ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತದೆ, ಕತ್ತಲಲ್ಲಿ ಕೈಗೆ ತಿಳಿಯುತ್ತದೆ, ಅಮ್ಮನಿಗೆ ಕಲಿಸಬೇಕಾದದ್ದೂ ಏನಿರಲಿಲ್ಲ. ಒತ್ತಿದರೆ ಒಂದು ನಿಮಿಷದಲ್ಲಿ ಸದ್ದು ಮೆಲ್ಲಗೆ ಏರುತ್ತದೆ, ಮತ್ತೊಮ್ಮೆ ಒತ್ತಿದರೆ ಇಳಿದು ನಿಲ್ಲುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗುವುದು ನಮ್ಮಲ್ಲಿ ಹೊಸ ಮಾತಲ್ಲ. ಮನೆಯಲ್ಲಿದ್ದ ಪವರ್ ಬ್ಯಾಂಕಿನಿಂದ ನಡೆಸಿ ನೋಡಿದರೆ, ಈ ಪೆಟ್ಟಿಗೆ ಎಳೆಯುವ ವಿದ್ಯುತ್ತು ತೀರಾ ಕಡಿಮೆಯಾದ್ದರಿಂದ ಅದು ಏನೂ ಜೋಡಿಸಿಲ್ಲವೆಂದು ಭಾವಿಸಿ ತಾನಾಗಿ ಆರುತ್ತಿತ್ತು. ಕೊನೆಗೆ ರೂಟರಿಗೆ ಬಳಸುವ, 5 ವೋಲ್ಟ್ ಹೊರಹರಿವಿರುವ ಮಿನಿ ಯುಪಿಎಸ್ ಕೊಂಡೆ. ಖರ್ಚಿನಲ್ಲಿ ಅದರದ್ದೇ ದೊಡ್ಡ ಪಾಲು. ಆದರೆ ಫ್ಯಾನು ನಿಂತು ಕೋಣೆ ಇದ್ದಕ್ಕಿದ್ದಂತೆ ನಿಶ್ಶಬ್ದವಾಗುವ ಹೊತ್ತಿನಲ್ಲಿಯೇ ಪೆಟ್ಟಿಗೆ ಹೆಚ್ಚು ಬೇಕಾಗುವುದು.

4. ಪೆಟ್ಟಿಗೆ

ಹಲಸಿನ ಹಲಗೆಯ ಉಳಿಕೆಯಿಂದ 18, 12, 10 ಸೆಂಟಿಮೀಟರಿನ ಪೆಟ್ಟಿಗೆಯನ್ನು ಆಚಾರಿಯವರಿಂದ ಮಾಡಿಸಿ, ಮುಂದೆ 70 ಮಿಲಿಮೀಟರಿನ ತೂತು ಕೊರೆದು, ಹಳೆಯ ಬೈರಾಸಿನ (ಟವಲಿನ) ತುಂಡನ್ನು ಬಿಗಿದೆ. ಹಿಂಭಾಗವನ್ನು ಮುಚ್ಚದೆ ಬಿಟ್ಟಾಗ ಸದ್ದು ತೆಳ್ಳಗಿತ್ತು. ಮುಚ್ಚಿ, ಒಳಗೆ ಸ್ಪಂಜು ತುಂಬಿದ ಮೇಲೆ ದಪ್ಪವಾಯಿತು. ಮಾಡ್ಯೂಲಿನ ನೀಲಿ ದೀಪ ಮತ್ತು ನ್ಯಾನೋದ ಕೆಂಪು ದೀಪಗಳ ಬೆಳಕು ಬೈರಾಸಿನ ಎಳೆಗಳಿಂದ ಹೊರಬಂದು ಗೋಡೆಯ ಮೇಲೆ ಬೀಳುತ್ತಿದ್ದುದರಿಂದ ಎರಡಕ್ಕೂ ಕಪ್ಪು ಟೇಪು ಅಂಟಿಸಿದೆ. ತಂತಿಯ ತೂತನ್ನು ಮೇಣದಿಂದ ಮುಚ್ಚುವುದನ್ನು ಮರೆಯಬಾರದು, ಮಳೆಗಾಲದಲ್ಲಿ ಬೆಚ್ಚಗಿರುವ ಯಾವ ಪೆಟ್ಟಿಗೆಯನ್ನೂ ಇರುವೆಗಳು ಬಿಡುವುದಿಲ್ಲ.

5. ಕೋಣೆಯಲ್ಲಿ ಇಟ್ಟ ಮೇಲೆ

ತಲೆದಿಂಬಿನ ಬಳಿ ಇಡುವುದೇ ಸಹಜವೆಂದು ತೋರುತ್ತದೆ, ಆದರೆ ಹಾಗೆ ಇಟ್ಟಾಗ ಲಾರಿ ಒಂದು ಕಡೆಯಿಂದ, ತೋಡು ಇನ್ನೊಂದು ಕಡೆಯಿಂದ ಬೇರೆ ಬೇರೆಯಾಗಿಯೇ ಕೇಳುತ್ತಿದ್ದವು. ಹೆದ್ದಾರಿಯ ಕಡೆಯ ಕಿಟಕಿಯ ಕೆಳಗೆ, ಮಂಚದಿಂದ ಎರಡು ಮೀಟರ್ ದೂರದಲ್ಲಿ, ಗೋಡೆಗೆ ಬೆನ್ನು ಮಾಡಿ ಇಟ್ಟಾಗ ಎರಡೂ ಒಂದೇ ದಿಕ್ಕಿನಿಂದ ಬಂದು ಟೈರಿನ ಸದ್ದು ನೀರಿನಲ್ಲಿ ಸೇರಿಕೊಂಡಿತು. ಲಾರಿಯ ಎಂಜಿನಿನ ತಳಗುಡುಗನ್ನು ಮಾತ್ರ ಈ ಪೆಟ್ಟಿಗೆ ಮುಚ್ಚಲಾರದು, 3 ಇಂಚಿನ ಸ್ಪೀಕರಿಗೆ ಅಷ್ಟು ತಗ್ಗಿದ ಸದ್ದನ್ನು ಹೊರಡಿಸುವ ಶಕ್ತಿಯಿಲ್ಲ. ಅದಕ್ಕಾಗಿ ಕಿಟಕಿಯ ಚೌಕಟ್ಟಿನ ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಏರ್ ಹಾರ್ನಿಗೆ ಎರಡೂ ಮದ್ದಲ್ಲ.

ಮಟ್ಟವನ್ನು ಫೋನಿನ ಅಳತೆಯ ಆ್ಯಪಿನಲ್ಲಿ ನೋಡಿದೆ. ಅದು ಹೋಲಿಸಲು ಸಾಕು, ನಿಖರವೆಂದು ನಂಬಬಾರದು. ಲಾರಿಯಿಲ್ಲದ ಹೊತ್ತಿನಲ್ಲಿ ದಿಂಬಿನ ಬಳಿ 34, ಲಾರಿ ಹೋದಾಗ 52, ಪೆಟ್ಟಿಗೆ ನುಡಿಯುವಾಗ 40 ಡೆಸಿಬಲ್. ಮಲಗುವ ಕೋಣೆಯ ಎಡೆಬಿಡದ ಸದ್ದು 30 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದೆ; ಹೆದ್ದಾರಿಯ ಬದಿಯಲ್ಲಿ ಅದು ಕೈಗೆಟುಕುವ ಮಾತಲ್ಲ, ಆದರೆ 40ರ ಮೇಲೆ ಉಳಿಸಲು ನನಗೆ ಮನಸ್ಸಾಗಲಿಲ್ಲ. ಲಾರಿಯನ್ನು ಪೂರ್ತಿ ಮುಚ್ಚಬೇಕೆಂದು 50ಕ್ಕೆ ಏರಿಸಿದ ರಾತ್ರಿ ಅಮ್ಮನಿಗೆ ತಲೆ ಭಾರವಾಯಿತು. ಹಸುಗೂಸುಗಳಿರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು: ಕೂಸುಗಳಿಗೆಂದು ಮಾರುವ 14 ಯಂತ್ರಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ತಿ ಏರಿಸಿದಾಗ ಮೂರು ಯಂತ್ರಗಳು 85 ಡೆಸಿಬಲ್ ಮೀರಿದ್ದವು.

ಅಮ್ಮನ ಕಿವಿ ಮತ್ತು ನನ್ನ ಕಿವಿ ಬೇರೆ ಎಂಬುದು ತಡವಾಗಿ ಹೊಳೆಯಿತು. ತೋಡಿನ ಮುದ್ರಣದ ಹಿಂದೆ ಒಂದೇ ಸಮನೆ ಜೀರುಂಡೆಯ ಸದ್ದಿತ್ತು. ಅಮ್ಮ ಅದರ ಬಗ್ಗೆ ಏನೂ ಹೇಳಲಿಲ್ಲ, ಪಕ್ಕದ ಕೋಣೆಯ ಮಗನಿಗೆ ಅದೊಂದೇ ಗೋಡೆ ದಾಟಿ ಕೇಳಿ ನಿದ್ದೆ ಹಾರಿತು. ವಯಸ್ಸಾದಂತೆ ಎತ್ತರದ ಸ್ವರಗಳು ಮೊದಲು ಕೇಳದಾಗುವುದರಿಂದ ಅಮ್ಮನ ಪಾಲಿಗೆ ಆ ಜೀರುಂಡೆ ಇರಲೇ ಇಲ್ಲ. ಇಕ್ವಲೈಸರಿನಲ್ಲಿ ಆ ಒಂದು ಪಟ್ಟಿಯನ್ನು ಕೊರೆದು ತೆಗೆದು ಮತ್ತೆ ಒಂಬತ್ತು ಗಂಟೆಯ ಕಡತ ಮಾಡಬೇಕಾಯಿತು.

ಫಲ ಏನೆಂದು ಕೇಳುವವರಿಗೆ: ಎಡೆಬಿಡದ ಸದ್ದು ನಿದ್ದೆಗೆ ನೆರವಾಗುತ್ತದೆಂಬುದಕ್ಕೆ ಇರುವ ವೈದ್ಯಕೀಯ ಆಧಾರ ಗಟ್ಟಿಯಾದದ್ದಲ್ಲ, ನಮ್ಮದೂ ಒಂದು ಮನೆಯ ಅನುಭವ ಮಾತ್ರ. ಅಮ್ಮ ಈಗಲೂ ಹಾರ್ನಿಗೆ ಏಳುತ್ತಾರೆ. ಬರಿಯ ಲಾರಿಗೆ ಏಳುವುದು ಕಡಿಮೆಯಾಗಿದೆ, ಎದ್ದರೂ ಮತ್ತೆ ಬೇಗ ಮಲಗುತ್ತಾರೆ.

6. ಖರ್ಚು ಮತ್ತು ಉಳಿದ ಕೆಲಸ

ಮಾಡ್ಯೂಲು 160, ನ್ಯಾನೋ 320, ಸ್ಪೀಕರು 180, 16 ಜಿಬಿ ಕಾರ್ಡು 380, ಮಿನಿ ಯುಪಿಎಸ್ 1,150, ರೆಸಿಸ್ಟರ್, ಕೆಪಾಸಿಟರ್, ಬೋರ್ಡು, ತಂತಿ ಸೇರಿ 120, ಬೆಲ್ ಸ್ವಿಚ್ಚು 45, ಗುಬ್ಬಿ ಸಹಿತ ಪೊಟೆನ್ಶಿಯೋಮೀಟರ್ 40, ಆಚಾರಿಯವರ ಕೂಲಿ 300. ಒಟ್ಟು 2,695 ರೂಪಾಯಿ. ಕರೆಂಟು ಹೋಗದ ಊರಿನವರು ಯುಪಿಎಸ್ ಬಿಟ್ಟು ಹಳೆಯ ಮೊಬೈಲ್ ಚಾರ್ಜರ್ ಬಳಸಿದರೆ ಸಾವಿರದೈನೂರರ ಆಸುಪಾಸಿನಲ್ಲಿ ಮುಗಿಯುತ್ತದೆ.

ಚಿಕ್ಕಮ್ಮ ತನಗೂ ಒಂದು ಬೇಕೆಂದಿದ್ದಾರೆ, ಆದರೆ ಅವರಿಗೆ ಬೇಕಾದದ್ದು ಬಯಲಿನ ಕಪ್ಪೆಗಳು. ಕೆಲಸ ಅಲ್ಲಿ ನಿಂತಿದೆ. ಗದ್ದೆಯ ಬದುವಿನಲ್ಲಿ ಯಾರಾದರೂ ಕಾಲಿಟ್ಟರೆ ಕಪ್ಪೆಗಳೆಲ್ಲ ಒಮ್ಮೆಗೇ ಸುಮ್ಮನಾಗಿ, ಅನಂತರ ಒಂದೊಂದಾಗಿ ಶುರುಮಾಡುತ್ತವೆ. ನನ್ನ ಬಳಿಯಿರುವ ಮುದ್ರಣದಲ್ಲಿ ಇಂಥ ಮೌನಗಳು ಎಷ್ಟಿವೆಯೆಂದರೆ, ಕ್ರಾಸ್‌ಫೇಡ್ ಮಾಡಲು ಐದು ನಿಮಿಷದ ಅಖಂಡ ತುಣುಕೂ ಸಿಗಲಿಲ್ಲ. ಮುಂದಿನ ಜೂನಿನಲ್ಲಿ ಹೊಸ ನೀರು ನಿಂತಾಗ, ಕತ್ತಲಾಗುವ ಮೊದಲೇ ರೆಕಾರ್ಡರನ್ನು ಬದುವಿನ ಕಂಬಕ್ಕೆ ಕಟ್ಟಿ, ಚಾಲು ಮಾಡಿ, ಬೆಳಗಿನವರೆಗೆ ಆ ಕಡೆ ಸುಳಿಯದಿರುವುದೆಂದು ಯೋಚಿಸಿದ್ದೇನೆ.